ಮನೆಯ ಸಂಗೀತ ವ್ಯವಸ್ಥೆ: ನಾದದ ಗುಣವನ್ನು ನಿರ್ಧರಿಸುವುದು ಯಾವುದು?

ಮನೆಯಲ್ಲಿ ಒಂದು ಒಳ್ಳೆಯ ಸಂಗೀತ ವ್ಯವಸ್ಥೆ ಇರಬೇಕೆಂಬ ಆಸೆ ಸಂಗೀತಪ್ರಿಯ ಕನ್ನಡ ಕುಟುಂಬಗಳಿಗೆ ಹೊಸದಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಧ್ವನಿಮುದ್ರಿಕೆಗಳನ್ನು ಜತನದಿಂದ ಕಾಪಾಡಿಕೊಂಡು ಬಂದ ಮನೆಗಳು ಮುಂಬಯಿ, ಪುಣೆಗಳಲ್ಲಿ ಬೇಕಾದಷ್ಟಿವೆ. ಆದರೆ ಅಂಗಡಿಯ ಮೆಟ್ಟಿಲು ಹತ್ತಿದೊಡನೆ ವಾಟ್‌ಗಳ ಲೆಕ್ಕ, ಚಿನ್ನದ ಲೇಪವಿರುವ ತಂತಿಗಳ ವರ್ಣನೆ ಕಿವಿಗೆ ಬೀಳತೊಡಗುತ್ತವೆ. ಕೂಡಿಟ್ಟ ಹಣವನ್ನು ಯಾವುದಕ್ಕೆ ವಿನಿಯೋಗಿಸಬೇಕೆಂಬುದೇ ತಿಳಿಯದಾಗುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಇಷ್ಟೇ: ಮೂಲ ಧ್ವನಿಮುದ್ರಣ ಚೆನ್ನಾಗಿದ್ದರೆ, ನಾದದ ಗುಣವನ್ನು ಬಹುಪಾಲು ನಿರ್ಧರಿಸುವುದು ಸ್ಪೀಕರ್ ಮತ್ತು ಅದನ್ನಿಟ್ಟಿರುವ ಕೋಣೆ. ಉಳಿದವೆಲ್ಲ ಅವುಗಳ ಹಿಂದೆ ನಿಲ್ಲತಕ್ಕವು.

ಸ್ಪೀಕರಿಗೆ ಇಷ್ಟು ಮಹತ್ವವೇಕೆ? ವಿದ್ಯುತ್ ಸಂಕೇತವನ್ನು ಕೆಡದಂತೆ ಸಾಗಿಸುವುದು ಇಂದು ಸುಲಭ. ಆದರೆ ಒಂದು ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕುವನ್ನು ಹಿಂದುಮುಂದಾಗಿ ಅಲುಗಿಸಿ, ಕೋಣೆಯ ಗಾಳಿಯನ್ನು ತಂಬೂರಿಯಂತೆಯೂ ತಬಲಾದಂತೆಯೂ ಕಂಪಿಸುವಂತೆ ಮಾಡುವುದು ಸುಲಭವಲ್ಲ. ಒಂದು ಉದಾಹರಣೆ ನೋಡೋಣ. ಗಾಯಕರೊಬ್ಬರು ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತಿದ್ದರೆ ಅವರ ಮಧ್ಯಷಡ್ಜವು ಸುಮಾರು 138 ಹರ್ಟ್ಜ್ ಆವೃತ್ತಿಯದು. ತಂಬೂರಿಯ ಮಂದ್ರಷಡ್ಜದ ತಂತಿ ಅದರ ಅರ್ಧ, ಎಂದರೆ 69 ಹರ್ಟ್ಜ್. ಅಂಗೈಯಗಲದ ಬ್ಲೂಟೂತ್ ಪೆಟ್ಟಿಗೆಯಿಂದ ಈ 69 ಹರ್ಟ್ಜ್ ಸರಿಯಾಗಿ ಹೊರಡುವುದೇ ಇಲ್ಲ. ಆದರೂ ಷಡ್ಜ ಕೇಳಿಸಿದಂತೆ ನಮಗೆ ಭಾಸವಾಗುವುದು ವಿಚಿತ್ರವಾದರೂ ನಿಜ. ಮೇಲಿನ ಉಪಸ್ವರಗಳನ್ನು ಕೇಳಿದ ಮೆದುಳು, ಇಲ್ಲದ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಸ್ವರ ತಿಳಿಯುತ್ತದೆ, ಆದರೆ ತಂಬೂರಿಯ ಗಾಂಭೀರ್ಯ ಮಾತ್ರ ಕಾಣೆಯಾಗಿರುತ್ತದೆ. ಐದಾರು ಅಂಗುಲದ ಶಂಕುವುಳ್ಳ, ತಕ್ಕಷ್ಟು ಗಾತ್ರದ ಪೆಟ್ಟಿಗೆಯ ಒಂದು ಜೋಡಿ ಸ್ಪೀಕರಿನ ಮುಂದೆ ಅದೇ ಧ್ವನಿಮುದ್ರಿಕೆಯನ್ನು ಕೇಳಿದವರಿಗೆ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಕೊಳ್ಳುವ ಮುನ್ನ ತಮಗೆ ಚಿರಪರಿಚಿತವಾದ ಒಂದು ಗಾಯನವನ್ನು ಜೊತೆಗೊಯ್ದು ಅಂಗಡಿಯಲ್ಲಿ ಕೇಳುವುದು ಮೇಲು. ಅಂಗಡಿಯವರು ತೋರಿಸುವ ಚಲನಚಿತ್ರದ ಸ್ಫೋಟದ ಸದ್ದಿನಿಂದ ಮಾನವಕಂಠದ ಪರೀಕ್ಷೆಯಾಗದು.

ಇನ್ನು ಕೋಣೆ. ಇದರ ಶಾಸ್ತ್ರಕ್ಕೆ ತಳಹದಿ ಬಿದ್ದುದು 1895ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರದಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿದ್ದು, ಭಾಷಣಕಾರರ ಮಾತೊಂದೂ ಅರ್ಥವಾಗುತ್ತಿರಲಿಲ್ಲ. ಇದನ್ನು ಸರಿಪಡಿಸುವ ಹೊಣೆ ಹೊತ್ತ ಯುವ ಭೌತವಿಜ್ಞಾನಿ ವಾಲೇಸ್ ಸಬೈನ್, ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಎಷ್ಟು ಮೆತ್ತೆಗಳಿಗೆ ಅನುರಣನ ಎಷ್ಟು ತಗ್ಗುತ್ತದೆಂದು ಅಳೆದರು. ಕೋಣೆಯ ಗಾತ್ರಕ್ಕೂ ಸದ್ದನ್ನು ಹೀರುವ ವಸ್ತುಗಳಿಗೂ ಇರುವ ಸಂಬಂಧದ ಸೂತ್ರ ಹೊರಟದ್ದು ಹೀಗೆ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಇದೇ ಜ್ಞಾನದ ಫಲ.

ನಮ್ಮ ಇಂದಿನ ಫ್ಲ್ಯಾಟುಗಳ ಹಾಲ್, ಗಾತ್ರವೊಂದನ್ನು ಬಿಟ್ಟರೆ, ಫಾಗ್ ಮಂದಿರದ ಹತ್ತಿರದ ನೆಂಟನೇ ಸರಿ. ನೆಲಕ್ಕೆ ನುಣುಪು ಟೈಲ್ಸು, ಕಾಂಕ್ರೀಟಿನ ಛಾವಣಿ, ಒಂದು ಗೋಡೆಯುದ್ದಕ್ಕೂ ಗಾಜಿನ ಕಿಟಕಿ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿರಿ. ಚಿಟಚಿಟನೆ ಮರುದನಿ ಬಂದರೆ ಎಷ್ಟೇ ಬೆಲೆಯ ಸ್ಪೀಕರಾದರೂ ಕಂಠವು ಕರ್ಕಶವಾಗಿಯೇ ಕೇಳಿಸುವುದು. ದಪ್ಪನೆಯ ಪರದೆ, ನೆಲಕ್ಕೊಂದು ಜಮಖಾನ, ಪುಸ್ತಕ ತುಂಬಿದ ಕಪಾಟು, ಇಷ್ಟರಿಂದಲೇ ಬಹಳಷ್ಟು ಸುಧಾರಣೆಯಾಗುತ್ತದೆ. ಪುಸ್ತಕದ ಕಪಾಟಿಗೆ ಇನ್ನೊಂದು ಉಪಯೋಗ ಸಿಕ್ಕಿತೆಂದು ನಮಗಂತೂ ಸಂತೋಷ.

ಆದರೆ ಪರದೆ, ಜಮಖಾನಗಳು ಹೀರುವುದು ಮೇಲಿನ ಆವೃತ್ತಿಗಳನ್ನು ಮಾತ್ರ. ಮಂದ್ರದ ಸಮಸ್ಯೆಯೇ ಬೇರೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಜ್‌ನ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಕುಳಿತುಬಿಡುತ್ತದೆ. 86 ಹರ್ಟ್ಜ್‌ನಲ್ಲಿಯೂ ಹಾಗೆಯೇ. 3 ಮೀಟರ್ ಅಗಲಕ್ಕೆ ಇದು 57 ಹರ್ಟ್ಜ್. ಈ ಆವೃತ್ತಿಗಳು ಗೋಡೆಯ ಬಳಿ ಉಬ್ಬಿ, ಕೆಲವು ಸ್ಥಳಗಳಲ್ಲಿ ಪೂರ್ತಿ ಅಡಗುತ್ತವೆ. ಹಿಂಬದಿ ಗೋಡೆಗೆ ಒರಗಿಸಿದ ಸೋಫಾದಲ್ಲಿ ಕುಳಿತವರಿಗೆ ತಬಲಾದ ಡಗ್ಗ ಗುಡುಗಿದಂತಾಗಿ, ಎರಡು ಹೆಜ್ಜೆ ಮುಂದೆ ಕುಳಿತವರಿಗೆ ಹಿತವಾಗಿ ಕೇಳಿಸುವುದಕ್ಕೆ ಇದೇ ಕಾರಣ. ಆದ್ದರಿಂದ ಯಂತ್ರವನ್ನು ಬದಲಿಸುವ ಮೊದಲು ಆಸನವನ್ನು ಒಂದಿಷ್ಟು ಸರಿಸಿ ನೋಡುವುದು ಲೇಸು.

ಸ್ಪೀಕರುಗಳನ್ನು ಮೂಲೆಗೆ ತಳ್ಳುವುದು, ಒಂದನ್ನು ಶೋಕೇಸಿನೊಳಗೂ ಮತ್ತೊಂದನ್ನು ಕಪಾಟಿನ ತಲೆಯ ಮೇಲೂ ಇಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮೂಲೆಯು ಮಂದ್ರವನ್ನು ಅತಿಯಾಗಿ ಉಬ್ಬಿಸುತ್ತದೆ. ಎರಡು ಸ್ಪೀಕರು ಮತ್ತು ಕೇಳುಗ ಸೇರಿ ಸುಮಾರು ಸಮಬಾಹು ತ್ರಿಕೋನವಾಗಬೇಕು. ಕಿರಿಯ ಶಂಕು, ಎಂದರೆ ಟ್ವೀಟರ್, ಕುಳಿತವರ ಕಿವಿಯ ಮಟ್ಟದಲ್ಲಿರಬೇಕು. ಹಿಂಬದಿ ಗೋಡೆಯಿಂದ ಒಂದೆರಡು ಅಡಿಯಾದರೂ ಅಂತರವಿರಲಿ. ಗೃಹಿಣಿಯ ಸಮ್ಮತಿ ದೊರೆಯುವುದು ಕಷ್ಟವೆಂಬುದನ್ನು ಬಲ್ಲೆವು. ಕೇಳುವ ಹೊತ್ತಿಗೆ ಮುಂದೆಳೆದು ಆಮೇಲೆ ಸ್ವಸ್ಥಾನಕ್ಕೆ ಸರಿಸಿದರೂ ಆದೀತು.

ಆಂಪ್ಲಿಫೈಯರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸದ್ದು ಇಮ್ಮಡಿಯಾದಂತೆ ಕಿವಿಗೆ ತೋರಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದುದರಿಂದ 50 ವಾಟಿನದಕ್ಕೂ 100 ವಾಟಿನದಕ್ಕೂ ಇರುವ ಅಂತರ ಕೇವಲ 3 ಡೆಸಿಬೆಲ್. ಕೆಲವು ಯಂತ್ರಗಳೊಡನೆ ಬರುವ ಮೈಕ್ರೊಫೋನು ಕೋಣೆಯನ್ನು ಅಳೆದು ಮಂದ್ರದ ಉಬ್ಬನ್ನು ತಗ್ಗಿಸಬಲ್ಲುದು, ಆದರೆ ಟೈಲ್ಸಿನ ಮರುದನಿಯನ್ನು ಅದು ಅಳಿಸಲಾರದು. ತಂತಿಯ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ: ಐದಾರು ಮೀಟರ್ ದೂರಕ್ಕೆ 1.5 ಅಥವಾ 2.5 ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿ ಧಾರಾಳವಾಗಿ ಸಾಕು. ಕೆಂಪು, ಕಪ್ಪು ತುದಿಗಳು ಎರಡೂ ಸ್ಪೀಕರುಗಳಲ್ಲಿ ಒಂದೇ ರೀತಿ ಜೋಡಣೆಯಾಗಿವೆಯೇ ಎಂದು ಮಾತ್ರ ಅವಶ್ಯ ನೋಡಿರಿ. ಒಂದು ಕಡೆ ತಿರುವುಮುರುವಾದರೆ ಒಂದು ಶಂಕು ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು, ಮಂದ್ರ ಪರಸ್ಪರ ಅಳಿಸಿಹೋಗುತ್ತದೆ. ಗಾಯಕರು ನಡುವೆ ನಿಂತಂತೆ ಕೇಳಿಸುವುದಿಲ್ಲ.

ಕೊನೆಯದಾಗಿ ಮೂಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಜ್ ಗುಣಮಟ್ಟ ಮನೆಯ ಆಲಿಕೆಗೆ ಸಾಲದೆಂಬ ಭಯ ಬೇಡ. ನಿಜವಾದ ನಷ್ಟವಾಗುತ್ತಿರುವುದು ಅಟ್ಟದ ಮೇಲಿನ ಡಬ್ಬದಲ್ಲಿ. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ನೀಡಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದ ಬಳಿಕ ಭಾವಗೀತೆಯ ಧ್ವನಿಸುರುಳಿಗಳು ಮನೆಮನೆಗೆ ಬಂದವು. ಅವುಗಳ ಪಕ್ಕದಲ್ಲೇ ಅಜ್ಜಿಯ ಸಂಪ್ರದಾಯದ ಹಾಡು, ಮದುವೆಮನೆಯ ಸೋಬಾನೆ ತುಂಬಿಕೊಂಡ ಸುರುಳಿಗಳೂ ಇರುತ್ತವೆ. ಇವುಗಳ ಇನ್ನೊಂದು ಪ್ರತಿ ಎಲ್ಲಿಯೂ ದೊರೆಯದು. ಮುಂಬಯಿಯ ಮಳೆಗಾಲದ ತೇವಕ್ಕೆ ಸುರುಳಿಯ ಮೇಲೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಅಂಥದನ್ನು ಹಾಗೆಯೇ ಪ್ಲೇಯರಿಗೆ ಹಾಕಬಾರದು. ಬೂಷ್ಟು ಹೆಡ್‌ಗೆ ಅಂಟಿ ಮುಂದಿನ ಸುರುಳಿಗೂ ಹರಡುವುದು. ಅದನ್ನು ಬಲ್ಲವರಿಂದ ಶುಚಿಗೊಳಿಸಬೇಕು. ಚೆನ್ನಾಗಿರುವ ಸುರುಳಿಗಳಾದರೆ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಒರೆಸಿ, ಒಣಗಿದ ಮೇಲೆ ಒಮ್ಮೆ ನುಡಿಸುತ್ತಲೇ ಕಂಪ್ಯೂಟರಿಗೆ ಇಳಿಸಿ, ಎಂಪಿ3 ರೂಪದಲ್ಲಿ ಕುಗ್ಗಿಸದೆ ಎರಡು ಕಡೆ ಕಾದಿಡಿರಿ.