ಸೂಪಿಗೆಂದು ತಂದ ಮೀನು

ಎರಡಿಂಚಿನ ಮರಿಯಾಗಿ ತಂದ ನನ್ನ ಆಸ್ಕರ್ ಮೀನು ಈಗ ಒಂಬತ್ತಿಂಚು ಬೆಳೆದಿದೆ. ತೊಟ್ಟಿ ಮಾತ್ರ ಅದೇ ಎರಡಡಿಯದು. ಜೊತೆಗಿದ್ದ ಗಪ್ಪಿಗಳೆಲ್ಲ ಒಂದೊಂದಾಗಿ ಅದರ ಹೊಟ್ಟೆ ಸೇರಿದವು. ಪಾಪ, ತಿರುಗಿದರೆ ಬಾಲ ಗಾಜಿಗೆ ಬಡಿಯುತ್ತೆ. "ಕೆರೆಗೆ ಬಿಟ್ಬಿಡೋ ಮಾರಾಯ, ಪುಣ್ಯ ಬರುತ್ತೆ" ಅಂದ ರೂಮ್‌ಮೇಟ್. ಶನಿವಾರ ಬಕೆಟ್ ಹಿಡಿದು ಹೊರಡುವವನೇ ಇದ್ದೆ. ಹಿಂದಿನ ರಾತ್ರಿ ಸುಮ್ಮನೆ ಹುಡುಕುತ್ತಾ ಕೂತಾಗ ಸಿಕ್ಕಿದ್ದು ಕ್ರಾಫ್ಟನ್ ಕತೆ.

ಕ್ರಾಫ್ಟನ್ ಇರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ. 2002ರ ಮೇ ತಿಂಗಳಲ್ಲಿ ಅಲ್ಲಿನ ಒಂದು ಸಣ್ಣ ಕೊಳದಲ್ಲಿ ಗಾಳ ಹಾಕಿದ್ದವನಿಗೆ ಎಂದೂ ಕಾಣದ ಉದ್ದನೆಯ ಮೀನು ಸಿಕ್ಕಿತು. ಫೋಟೋ ತೆಗೆದು ವಾಪಸ್ ನೀರಿಗೇ ಬಿಟ್ಟ. ಫೋಟೋ ನೋಡಿದ ಅಧಿಕಾರಿಗಳಿಗೆ ಗೊತ್ತಾಯಿತು, ಅದು ಚೀನಾ ಕಡೆಯ ನಾರ್ದರ್ನ್ ಸ್ನೇಕ್‌ಹೆಡ್. ನಮ್ಮ ಮುರ್ರೆಲ್ ಮೀನಿನ ದಾಯಾದಿ!

ಅದು ಅಲ್ಲಿಗೆ ಬಂದ ಬಗೆ ಕೇಳಿ. ಹಾಂಗ್‌ಕಾಂಗ್ ಮೂಲದ ಒಬ್ಬಾತ ಕಾಯಿಲೆ ಬಿದ್ದ ತಂಗಿಗೆ ಸೂಪ್ ಮಾಡಿಸೋಣವೆಂದು ನ್ಯೂಯಾರ್ಕಿನಿಂದ ಜೀವಂತ ಜೋಡಿ ತರಿಸಿದ. (ನಗಬೇಡಿ. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸಕ್ಕೆಂದು ಮರಿ ಮುರ್ರೆಲ್ ನುಂಗಿಸುವುದಿಲ್ಲವೇ?) ಮೀನು ಬರುವಷ್ಟರಲ್ಲಿ ತಂಗಿ ಚೇತರಿಸಿಕೊಂಡಿದ್ದಳು. ಕೊಲ್ಲಲು ಮನಸ್ಸಾಗದೆಯೋ ಏನೋ, ಮನೆಯ ತೊಟ್ಟಿಯಲ್ಲಿ ಸಾಕಿಕೊಂಡ. ಅವು ದಿನಕ್ಕೆ ಡಜನ್ ಗೋಲ್ಡ್‌ಫಿಶ್ ಮುಕ್ಕತೊಡಗಿದವು. ಸಾಕಾಗಿ 2000ದಲ್ಲಿ ಕೊಳಕ್ಕೆ ಬಿಟ್ಟ. ಥೇಟ್ ನನ್ನ ಹಾಗೆ... ಬಕೆಟ್ ಒಂದು ಬಾಕಿ.

ಪತ್ರಿಕೆ, ಟಿವಿಗಳಲ್ಲಿ ಒಂದೇ ಗದ್ದಲ. ನೆಲದ ಮೇಲೆ ನಡೆಯುವ ರಾಕ್ಷಸನಂತೆ! ಅದೆಲ್ಲ ಬುರುಡೆ. ಈ ಜಾತಿ ಗಾಳಿ ಉಸಿರಾಡುತ್ತೆ, ಮೈ ಒದ್ದೆಯಿದ್ದರೆ ನೀರಿನ ಹೊರಗೂ ಸ್ವಲ್ಪ ಹೊತ್ತು ಬದುಕುತ್ತೆ, ಅಷ್ಟೇ. ಬೇಸಿನ್‌ನಲ್ಲಿ ಮುರ್ರೆಲ್ ಇಟ್ಟುಕೊಂಡು ಮಾರುವ ನಮ್ಮ ಮೀನಿನಂಗಡಿಯವನನ್ನು ಕೇಳಿದ್ದರೂ ಹೇಳುತ್ತಿದ್ದ.

ಆದರೆ ನಿಜವಾದ ಭಯ ಬೇರೆಯಿತ್ತು. ಪಕ್ಕದಲ್ಲೇ ನದಿ. ಸೆಪ್ಟೆಂಬರ್‌ನಲ್ಲಿ ಕೊಳಕ್ಕೆ ರೋಟೆನೋನ್ ವಿಷ ಹಾಕಿದರು. ಆರು ದೊಡ್ಡ ಸ್ನೇಕ್‌ಹೆಡ್, ಸಾವಿರಕ್ಕೂ ಹೆಚ್ಚು ಮರಿ ಸತ್ತು ತೇಲಿದವು. ಏನೂ ತಪ್ಪು ಮಾಡದ ಊರಿನ ಮೀನುಗಳೂ ಜೊತೆಗೇ ಸತ್ತವು. ಬಿಟ್ಟವನಿಗೆ ಶಿಕ್ಷೆಯಾಗಲಿಲ್ಲ, ಕೇಸು ಹಾಕುವ ಅವಧಿ ಮೀರಿತ್ತು. ಅಕ್ಟೋಬರ್‌ನಲ್ಲಿ ಜೀವಂತ ಸ್ನೇಕ್‌ಹೆಡ್ ಆಮದನ್ನೇ ಅಮೆರಿಕ ನಿಷೇಧಿಸಿತು.

ಇಷ್ಟಾಗಿಯೂ 2004ರಲ್ಲಿ ಪೊಟೋಮ್ಯಾಕ್ ನದಿಯಲ್ಲಿ ಅದೇ ಮೀನು ಸಿಕ್ಕಿತು. ಕ್ರಾಫ್ಟನ್ನಿನಿಂದ ತಪ್ಪಿಸಿಕೊಂಡವು ಅಂದುಕೊಂಡರೆ, ಡಿಎನ್‌ಎ ಪರೀಕ್ಷೆಯಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ! ಅಂದರೆ ಬಕೆಟ್ ಹಿಡಿದು ಹೊರಟವರು ಬೇರೆಯವರೂ ಇದ್ದರು. ಅಲ್ಲಿಗೆ ಯಾವ ವಿಷ ಹಾಕುತ್ತೀರಿ? ಆ ನದಿಯಲ್ಲಿ ಸ್ನೇಕ್‌ಹೆಡ್ ಈಗ ನೆಲೆಯೂರಿಬಿಟ್ಟಿದೆ.

ನನ್ನ ಆಸ್ಕರ್ ಅಮೆಜಾನ್ ಕಡೆಯದು. ಶನಿವಾರ ಕೆರೆಯ ಬದಲು ಅಂಗಡಿಗೆ ಹೋದೆ. "ದೊಡ್ಡದಾದ್ಮೇಲೆ ಯಾರೂ ತಗೊಳಲ್ಲ ಸಾರ್" ಅಂದ. ನಾಲ್ಕಡಿ ತೊಟ್ಟಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ. ಮನೆ ಓನರ್‌ಗೆ ಇನ್ನೂ ಹೇಳಿಲ್ಲ :-)