ರೋಗಿಯ ವೈದ್ಯಕೀಯ ಮಾಹಿತಿಯ ಗೋಪ್ಯತೆ: ಅರ್ಜಿದಾರರಿಗೆ ತಿಳಿವಳಿಕೆ

ಮೈಸೂರು ನಗರದ ಕೃಷ್ಣರಾಜೇಂದ್ರ ಹಾಗೂ ಚೆಲುವಾಂಬ ಆಸ್ಪತ್ರೆಗಳು ಮೊದಲ್ಗೊಂಡು ಖಾಸಗಿ ಚಿಕಿತ್ಸಾಲಯಗಳವರೆಗೆ ಎಲ್ಲಿಯೇ ಚಿಕಿತ್ಸೆ ಪಡೆದರೂ, ರೋಗಿಯು ವೈದ್ಯರಿಗೆ ತಿಳಿಸಿದ ವಿಷಯವು ಗೋಪ್ಯವಾಗಿರತಕ್ಕದ್ದು. ಊರಿಗೆ ತಿಳಿದೀತೆಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಪ್ರಾಣಕ್ಕೆ ಅಪಾಯಕಾರಿ. ಆದುದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಿದೆ.

1. ದಾಖಲೆ ಪಡೆಯಲು ಅರ್ಹರು
ರೋಗಿ ಅಥವಾ ರೋಗಿಯಿಂದ ಅಧಿಕಾರ ಪಡೆದ ವ್ಯಕ್ತಿ. ಪತಿ, ಪತ್ನಿ, ಅತ್ತೆ-ಮಾವ, ಉದ್ಯೋಗದಾತರು ಅಥವಾ ವಿವಾಹ ಸಂಬಂಧಕ್ಕಾಗಿ ವಿಚಾರಿಸುವವರು ಎಂಬ ಕಾರಣ ಮಾತ್ರದಿಂದಲೇ ವಯಸ್ಕ ರೋಗಿಯ ದಾಖಲೆ ಪಡೆಯುವ ಹಕ್ಕು ಉಂಟಾಗುವುದಿಲ್ಲ.

2. ಅರ್ಜಿ ಸಲ್ಲಿಸುವ ವಿಧಾನ
ರೋಗಿಯ ಹೆಸರು, ಒಳರೋಗಿ ಅಥವಾ ಹೊರರೋಗಿ ಸಂಖ್ಯೆ, ಚಿಕಿತ್ಸೆ ಪಡೆದ ದಿನಾಂಕ ಹಾಗೂ ಬೇಕಾದ ದಾಖಲೆಯನ್ನು (ಕೇಸ್ ಷೀಟ್, ಪ್ರಯೋಗಾಲಯದ ವರದಿ ಇತ್ಯಾದಿ) ನಮೂದಿಸಿ, ಗುರುತಿನ ಚೀಟಿಯ ಪ್ರತಿಯೊಂದಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಬೇರೆಯವರ ಮೂಲಕ ಪಡೆಯುವುದಾದಲ್ಲಿ ರೋಗಿಯ ಸಹಿಯುಳ್ಳ ಅಧಿಕಾರ ಪತ್ರ ಲಗತ್ತಿಸುವುದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ವಿನಿಯಮಗಳ ಪ್ರಕಾರ ದಾಖಲೆಗಳನ್ನು 72 ಗಂಟೆಗಳೊಳಗೆ ನೀಡತಕ್ಕದ್ದು. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಡುವುದು ಕಡ್ಡಾಯ. ಆದ್ದರಿಂದ ವಿಳಂಬ ಮಾಡದಿರುವುದು ಒಳಿತು.

3. ಗೋಪ್ಯತೆಯ ಕೋರಿಕೆ
ತನ್ನ ಕಾಯಿಲೆಯ ವಿವರವನ್ನು ಯಾರಿಗೆ ತಿಳಿಸಬಹುದು, ಯಾರಿಗೆ ತಿಳಿಸಬಾರದು ಎಂಬುದನ್ನು ರೋಗಿಯು ದಾಖಲಾಗುವಾಗಲೇ ಬರೆದುಕೊಡಬಹುದು. ಮನೆಗೆ ದೂರವಾಣಿ ಕರೆ ಮಾಡದಂತೆಯೂ ಕೋರಬಹುದು.

4. ವಿಶೇಷ ರಕ್ಷಣೆ
ಎಚ್‌ಐವಿ ಸೋಂಕು (2017ರ ಅಧಿನಿಯಮ), ಮಾನಸಿಕ ಕಾಯಿಲೆ (2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ) ಹಾಗೂ ಗರ್ಭಪಾತ (1971ರ ಅಧಿನಿಯಮ, 2021ರ ತಿದ್ದುಪಡಿ) ಕುರಿತ ಮಾಹಿತಿಗೆ ಕಾನೂನಿನಲ್ಲಿ ಪ್ರತ್ಯೇಕ ರಕ್ಷಣೆ ಇರುತ್ತದೆ.

5. ವಿನಾಯಿತಿಗಳು
ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ ಹಾಗೂ ವರದಿ ಮಾಡಲೇಬೇಕಾದ ರೋಗಗಳ ಸಂದರ್ಭದಲ್ಲಿ ವೈದ್ಯರು ಮಾಹಿತಿ ನೀಡಬಹುದು. ಕ್ಷಯರೋಗವು 2012ರಿಂದ ಇಂತಹ ರೋಗವಾಗಿದೆ. ಆದರೆ ಈ ವರದಿಯು ಆರೋಗ್ಯ ಪ್ರಾಧಿಕಾರಕ್ಕೆ ಮಾತ್ರ, ನೆರೆಹೊರೆಯವರಿಗಲ್ಲ.

6. ಮಾಹಿತಿ ಹಕ್ಕು ಅರ್ಜಿ
ಅನ್ಯರ ವೈದ್ಯಕೀಯ ದಾಖಲೆಯು ವೈಯಕ್ತಿಕ ಮಾಹಿತಿಯಾಗಿರುವುದರಿಂದ, 2005ರ ಮಾಹಿತಿ ಹಕ್ಕು ಅಧಿನಿಯಮದ 8(1)(ಜೆ) ಪ್ರಕರಣದನ್ವಯ ಸಾಮಾನ್ಯವಾಗಿ ಅದನ್ನು ನೀಡಲಾಗುವುದಿಲ್ಲ.

7. ದೂರು
ಗೋಪ್ಯತೆ ಉಲ್ಲಂಘನೆಯಾದಲ್ಲಿ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ದೂರು ನೀಡುವುದು. ವೈದ್ಯರ ವಿರುದ್ಧ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಖಾಸಗಿ ಸಂಸ್ಥೆಗಳ ವಿರುದ್ಧ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ದಿನಾಂಕ 24-8-2017ರಂದು ತೀರ್ಪಿತ್ತಿದೆ. ಆದ್ದರಿಂದ ಗೋಪ್ಯತೆಯನ್ನು ಕೋರುವ ರೋಗಿಯು ಉಪಕಾರವನ್ನು ಬೇಡುತ್ತಿಲ್ಲ, ತನ್ನ ಹಕ್ಕನ್ನು ಕೇಳುತ್ತಿದ್ದಾರೆ ಎಂಬುದನ್ನು ಸಿಬ್ಬಂದಿಯೂ ಸಾರ್ವಜನಿಕರೂ ಮನಗಾಣುವುದು.