ಸುಗಮ ಸಂಗೀತ
'ಸು' ಎಂದರೆ ಚೆನ್ನಾಗಿ, 'ಗಮ' ಎಂದರೆ ಹೋಗುವುದು. ಸಲೀಸಾಗಿ ಸಾಗುವುದೇ ಸುಗಮ. ಶಾಸ್ತ್ರೀಯವೂ ಅಲ್ಲದ, ಸಿನಿಮಾದ್ದೂ ಅಲ್ಲದ ಹಾಡಿಗೆ ಈ ಹೆಸರನ್ನು ರೂಢಿಗೆ ತಂದದ್ದು ಆಕಾಶವಾಣಿ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅಲ್ಲಿಂದ ಚಿತ್ರಗೀತೆಯನ್ನು ದೂರವಿಟ್ಟಾಗ ಇದಕ್ಕೆ ಜಾಗ ಸಿಕ್ಕಿತು. ಕನ್ನಡದಲ್ಲಿ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ ದನಿಯಾದರು. ಭೀಮಾ ದಂಡೆಯ ಮಣ್ಣೂರಿನ ಸೀಮೆಗೆ 1966ರಲ್ಲಿ ಶುರುವಾದ ಕಲಬುರಗಿ ನಿಲಯ ಅದನ್ನು ತಲುಪಿಸಿತು.

ಬಳಕೆ: "ಸುಗಮ ಸಂಗೀತ ಹತ್ತ್ಯಾದ, ಆವಾಜ್ ಜರಾ ಹೆಚ್ಚ ಮಾಡೋ ತಮ್ಮಾ."

ಮುಂದೆ ಬಂದ ಖಾಸಗಿ ಎಫ್‌.ಎಂ.ಗಳು ಜಾಹೀರಾತಿನ ಲೆಕ್ಕ ಹಿಡಿದು ಹೊಸ ಸಿನಿಮಾ ಹಾಡನ್ನೇ ನೆಚ್ಚಿದವು; ಬಯಸಿದ ಭಾವಗೀತೆ ಮೊಬೈಲಿನಲ್ಲೇ ಸಿಗತೊಡಗಿತು. ಈಗ ಈ ಪದ ಹೆಚ್ಚಾಗಿ ಕಾಣುವುದು ಆಕಾಶವಾಣಿಯ ಧ್ವನಿಪರೀಕ್ಷೆಯ ಅರ್ಜಿಯಲ್ಲಿ, ರಾಜ್ಯೋತ್ಸವದ ಆಹ್ವಾನಪತ್ರಿಕೆಯಲ್ಲಿ.